ಎಡೆಯಲ್ಲಿ ಕೂತ ರೋಮಿನ ದೊರೆ

ನಮ್ಮಪ್ಪನದು ಒಂದೇ ಒಂದು ಫೋಟೋ ಇಲ್ಲ. ನಾನು ಅವ್ವನ ಹೊಟ್ಟೆಯಲ್ಲಿದ್ದಾಗಲೇ ಹೋಗಿಬಿಟ್ಟರು. ಅರಕೆರೆಯ ಗದ್ದೆ ಉಳುವಾಗ ಅವರಿಗೆ ಸಿಕ್ಕಿದ್ದ ಒಂದು ಹಳೇ ಬೆಳ್ಳಿ ನಾಣ್ಯ ಮಾತ್ರ ಮನೆಯಲ್ಲಿ ಉಳಿಯಿತು. ಅದರ ಮೇಲೆ ಪಕ್ಕಕ್ಕೆ ತಿರುಗಿದ ಗಂಡಸಿನ ಮುಖ. ಉದ್ದ ಮೂಗು, ಕೆನ್ನೆಯ ಮೇಲೊಂದು ಗಾಯದ ಗೀಟು. "ಥೇಟ್ ನಿಮ್ಮಪ್ಪನೇಯ" ಅನ್ನೋಳು ಅವ್ವ.

ಮಾರ್ನಮಿಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಬೇರೆಯವರ ಮನೆಯಲ್ಲಿ ಫೋಟೋ ಇರುತ್ತದೆ. ನಮ್ಮಲ್ಲಿ ಹೊಸ ಪಂಚೆಯ ಮೇಲೆ ಈ ನಾಣ್ಯ. ಇಡುವ ಮುಂಚೆ ಅವ್ವ ಹುಣಸೆಹಣ್ಣು, ಬೂದಿ ಹಚ್ಚಿ ಚೆನ್ನಾಗಿ ತಿಕ್ಕುತ್ತಾಳೆ. ಯಜಮಾನರ ಮುಖ ಹೊಳೆಯಬೇಕಲ್ಲ!

ನಾನೋ, ಯಾವುದನ್ನೂ ಇದ್ದಹಾಗೆ ಇರಲು ಬಿಡದ ಮನುಷ್ಯ. ಹೋದ ವರ್ಷ ಹಬ್ಬ ಮುಗಿದ ಮೇಲೆ ಅದನ್ನು ಪಾಂಡವಪುರಕ್ಕೆ ಒಯ್ದೆ. ಅಲ್ಲಿ ನಾಣ್ಯ ಕೂಡಿಡುವ ಹುಚ್ಚಿನ ಗೆಳೆಯನೊಬ್ಬನಿದ್ದಾನೆ. ಭೂತಗನ್ನಡಿ ಹಿಡಿದು ನೋಡಿದವನೇ ಹಣೆ ಚಚ್ಚಿಕೊಂಡ.

"ಅಯ್ಯೋ ಪುಣ್ಯಾತ್ಮ, ತಿಕ್ಕಿ ತಿಕ್ಕಿ ಮೂಗು ಬಾಯಿ ಒಂದು ಮಾಡ್ಬುಟ್ಟವ್ರಲ್ಲೋ! ಹಳೇ ನಾಣ್ಯನ ತೊಳೀಲೇಬಾರ್ದು ಕಣ್ಲಾ."

ತಲೆಯ ಸುತ್ತ ದೊರೆಯ ಹೆಸರು ಇರಬೇಕಿತ್ತಂತೆ. ಒಂದಕ್ಷರವೂ ಉಳಿದಿರಲಿಲ್ಲ. ಅವನು ನಾಣ್ಯ ಮಗುಚಿದ. ಅವ್ವ ತಿಕ್ಕುತ್ತಿದ್ದುದು ಮುಖವನ್ನು ಮಾತ್ರ, ಹಿಂದಿನದು ಅವಳಿಗೆ ಬೇಕಾಗಿರಲಿಲ್ಲ. ಅಲ್ಲಿ ಕುರ್ಚಿಯ ಮೇಲೆ ಕೂತ ಹೆಂಗಸು, ಕೈಯಲ್ಲಿ ಒಂದು ಕೊಂಬೆ, ಪಕ್ಕದಲ್ಲಿ ನಾಲ್ಕಾರು ಅಕ್ಷರ ಎಲ್ಲ ಹಾಗೇ ಇದ್ದವು. ಅವನು ತನ್ನ ಪುಸ್ತಕದ ಚಿತ್ರದ ಪಕ್ಕ ಇಟ್ಟು ನೋಡಿದ, ಪುಟ್ಟ ತಕ್ಕಡಿಯಲ್ಲಿ ತೂಗಿದ. ಎರಡು ಸಾವಿರ ವರ್ಷದ ಹಿಂದಿನ ರೋಮಿನ ದೊರೆಯ ನಾಣ್ಯ ಎಂದ. ಮೆಣಸು ಕೊಳ್ಳಲು ಹಡಗಿನಲ್ಲಿ ಬಂದವರ ಕೈಯಿಂದ ಈ ಕಡೆಗೆ ಬಂದದ್ದಿರಬೇಕು. ಕೆನ್ನೆಯ ಗೀಟು, ಒಳಗೂ ಬೆಳ್ಳಿಯೇನಾ ಎಂದು ಆಗಿನವರು ಉಳಿ ಇಟ್ಟು ನೋಡಿದ ಗುರುತಂತೆ.

ಖುಷಿಯಲ್ಲಿ ಉಬ್ಬಿಹೋಗಿದ್ದೆ. ಬಸ್ಸಿಳಿದವನೇ ಅವ್ವನಿಗೆ ಎಲ್ಲ ಹೇಳಿದೆ. ದೊರೆ, ರೋಮು, ಹಡಗು, ಮೆಣಸು. ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ನಾಣ್ಯ ಇಸಕೊಂಡು ಬೆಳಕಿಗೆ ಹಿಡಿದಳು.

"ಮದ್ಲು ಮದ್ಲು ನಂಗೂ ಗೊತ್ತಿತ್ತು ಕಣ್ಲಾ, ಇದು ಅವ್ರಲ್ಲ ಅಂತ. ಒಂಚೂರು ಅವ್ರಂಗೆ ಕಾಣದು, ಅಷ್ಟೇಯ. ವರ್ಷ ವರ್ಷ ಇದ್ನೇ ನೋಡ್ಕಂಡು, ಕಣ್ಮುಚ್ಕಂಡ್ರೂ ಇದೇ ಬರಂಗಾಯ್ತು."

ಅವಳ ಪಕ್ಕ ಕೂತೆ. ಅವಳು ನನ್ನ ಮುಖವನ್ನೇ ನೋಡುತ್ತಾ, ನಾನು ಅವರನ್ನು ಕಂಡಿದ್ದವನೇನೋ ಎನ್ನುವಂತೆ ಕೇಳಿದಳು.

"ಅಂಗಾರೆ ನಿಮ್ಮಪ್ಪ ಎಂಗಿದ್ರು ಮಗಾ?"