ಅರ ತಿಕ್ಕಿದ ಅಳತೆ

ನನ್ನ ಟ್ರಂಕಿನಲ್ಲಿ ಬಂದೂಕಿನ ಮದ್ದು ಅಳೆಯುವ ಒಂದು ಹಿತ್ತಾಳೆಯ ಅಳತೆ ಇತ್ತು. ಹೆಬ್ಬೆರಳಿಗಿಂತ ಚಿಕ್ಕದು. ಅದಕ್ಕೆ ತಂತಿಯ ಹಿಡಿ ಬೆಸೆದವನು ನಾನೇ. ಬಾಯಿಯ ಅಂಚು ಉಳಿದ ಭಾಗಕ್ಕಿಂತ ಹೆಚ್ಚು ಹೊಳೆಯುತ್ತಿತ್ತು, ಏಕೆಂದರೆ ಅಲ್ಲಿ ನಾನು ಅರ ಹಾಕಿ ತಿಕ್ಕಿದ್ದೆ. ಹಾಗೆ ತಿಕ್ಕಿದ್ದರಿಂದ ನನ್ನ ದೋಸ್ತನ ಎಡಗೈಯ ಎರಡು ಬೆರಳು ಹೋದವು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಇದನ್ನು ಯಾರಿಗೂ ಹೇಳಲಿಲ್ಲ.

ಮೆಟ್ರಿಕ್ ಮುಗಿಸಿದ ಮೇಲೆ ಶಹಾಬಾದದ ಕಡೆ ಒಂದು ಫರಸಿ ಕಲ್ಲಿನ ಗಣಿಯಲ್ಲಿ ಕೂಲಿಯವರ ಹಾಜರಿ ಬರೆಯುತ್ತಿದ್ದೆ. ಅಲ್ಲಿದ್ದ ಮುದುಕ ಮೇಸ್ತ್ರಿಗೆ ಶಿಕಾರಿಯ ಹಳೆಯ ಹುಚ್ಚು. ಹಾರಿಸಿದ ತೋಟಾಗಳನ್ನು ಎಸೆಯದೆ ಮತ್ತೆ ತುಂಬುವುದನ್ನು ಅವನಿಂದ ಕಲಿತೆ. ಅಪ್ಪ ತೀರಿಕೊಂಡ ಮೇಲೆ ಕುರಕುಂಟಾಕ್ಕೆ ಬಂದು ಹೊಲ ಹಿಡಿದೆ. ಬೆಳೆ ಕಾಯಲು ಅಪ್ಪನ ಹೆಸರಿನಲ್ಲಿದ್ದ ಒಂಟಿ ನಳಿಗೆಯ ಬಂದೂಕಿನ ಲೈಸೆನ್ಸು ನನ್ನ ಹೆಸರಿಗೆ ಆಯಿತು. ಬದುವಿನ ಆಚೆ ದೋಸ್ತನ ಹೊಲ, ಅವನಿಗೂ ಅಂಥದೇ ಬಂದೂಕು. ಲೈಸೆನ್ಸಿನಲ್ಲಿ ತೋಟಾ ತುಂಬಲು ಅನುಮತಿ ಇರಲಿಲ್ಲ. ಅದು ನನಗೆ ಗೊತ್ತಿತ್ತು, ಆದರೂ ತುಂಬಿದೆ.

ಸುದ್ದಿ ಮೆಲ್ಲಗೆ ಹಬ್ಬಿತು. ಮುಧೋಳದಿಂದ, ಚಿಂಚೋಳಿ ಕಡೆಯ ಐನಾಪುರದಿಂದಲೂ ರೈತರು ಖಾಲಿ ತೋಟಾಗಳನ್ನು ಚೀಲದಲ್ಲಿ ಕಟ್ಟಿಕೊಂಡು ಬಂದರು. ಚಿತ್ತಾಪುರದ ಒಬ್ಬ ಕಲ್ಲಿನ ವ್ಯಾಪಾರಿಗೆ ಪಿಸ್ತೂಲು ಇತ್ತು, ಅವನು ಅದರ ಸಣ್ಣ ತೋಟಾಗಳನ್ನು ತಂದ. ಎರಡು ಕೆಲಸಕ್ಕೆ ಎರಡು ಮದ್ದು ಬೇಕು ಎಂದು ಮೇಸ್ತ್ರಿ ಹೇಳಿಕೊಟ್ಟಿದ್ದ. ಎರಡು ಡಬ್ಬಿ ಏಕೆ, ಎರಡಕ್ಕೂ ಆಗುವ ಒಂದನ್ನೇ ಹುಡುಕಿದರಾಯಿತು ಎಂದು ನಾನು ಹೊರಟೆ. ಮದ್ದು ಸುಲಭಕ್ಕೆ ಸಿಗುವ ಸಾಮಾನಲ್ಲ. ಎಲ್ಲಿಂದ ಬರುತ್ತಿತ್ತೆಂದು ಬರೆಯುವುದಿಲ್ಲ. ತಂದುಕೊಡುತ್ತಿದ್ದವನು ಈಗ ಇಲ್ಲ.

ಹಿತ್ತಲಿನಲ್ಲಿ ಒಂದು ಫರಸಿ ಹಾಕಿದ್ದೆ. ಅದರ ಮೇಲೆ ಒಂದೊಂದು ಚಿಟಿಕೆ ಇಟ್ಟು ಉರಿಸಿ, ಯಾವುದು ಮಸಿ ಬಿಡುತ್ತದೆ, ಯಾವುದು ಕಲೆಯಿಲ್ಲದೆ ಹೋಗುತ್ತದೆ ಎಂದು ಕುಕ್ಕರಗಾಲಲ್ಲಿ ಕುಳಿತು ನೋಡುತ್ತಿದ್ದೆ. ಕೊನೆಗೆ ಒಂದು ಡಬ್ಬಿ ಮನಸ್ಸಿಗೆ ಬಂತು. ಸ್ವಲ್ಪ ಹಾಕಿದರೂ ಸಾಕು, ಪಿಸ್ತೂಲಿಗೂ ಆಯಿತು, ಬಂದೂಕಿಗೂ ಆಯಿತು. ನನ್ನ ಕಾಟಕಸರಿ, ಈ ಜಿಪುಣತನ ನೋಡಿ ದೋಸ್ತ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಹೇಳುತ್ತಿದ್ದ: “ಇವನ ಕೈಗಿ ಕಡಾಯಿ ಕೊಡ್ರಿ, ಎಣ್ಣಿ ಇಲ್ದನ ಭಜಿ ಕರೀತಾನ.” ಎಲ್ಲರೂ ನಗುತ್ತಿದ್ದರು. ನನಗೆ ಅದು ಹೊಗಳಿಕೆಯಂತೆಯೇ ಕೇಳುತ್ತಿತ್ತು.

ಮೇಸ್ತ್ರಿ ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿದ್ದ. “ಅಳತಿ ಎಂದೂ ಮುರೀಬ್ಯಾಡ. ಹೆಚ್ಚಾದ್ರ ಬಂದೂಕ ಒದರಿ ಹೇಳ್ತದ. ಕಡಿಮಿ ಆದ್ರ ಸುಮ್ಮನಿರ್ತದ. ಸುಮ್ಮನಿರೋದಕ್ಕ ಭಾಳ ಅಂಜಬೇಕು.”

ಆ ವರ್ಷ ತೊಗರಿ ಚೆನ್ನಾಗಿ ಕಾಯಿ ಕಟ್ಟಿತ್ತು. ಹಂದಿಗಳ ಹಿಂಡು ಬಿಟ್ಟೂಬಿಡದೆ ಬರುತ್ತಿತ್ತು. ಬರಬೇಕಾದ ಡಬ್ಬಿ ಬರಲಿಲ್ಲ, ಇದ್ದದ್ದರ ತಳ ಕಾಣುತ್ತಿತ್ತು. ಬಂದವರಿಗೆ ಇಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ಅಳತೆಯ ಬಾಯಿಗೆ ಅರ ಹಾಕಿ ಒಂದಿಷ್ಟು ತಗ್ಗಿಸಿದೆ. ಒಂದೊಂದು ತೋಟಾದಲ್ಲಿ ಒಂದು ಚಿಟಿಕೆ ಉಳಿದರೆ ರಾಶಿಯವರೆಗೆ ಡಬ್ಬಿ ನಡೆಯುತ್ತದೆ ಎಂದು ಲೆಕ್ಕ ಹಾಕಿದೆ. ಅಷ್ಟೇ ನಾನು ಮಾಡಿದ್ದು. ಹಾಗೆ ತುಂಬಿದ ಮೊದಲ ತೋಟಾಗಳನ್ನು ದೋಸ್ತನಿಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಹೊತ್ತು ಮೂಡಿ ಸ್ವಲ್ಪ ಹೊತ್ತಾಗಿತ್ತು. ದೋಸ್ತ ಬದುವಿನ ಮೇಲೆ ಕುಳಿತು ನಳಿಗೆಯೊಳಗೆ ಅರಿವೆ ಎಳೆದು, ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ಅವನು ಪ್ರತಿಸಲ ಹಾಗೆ ನೋಡುತ್ತಿದ್ದ. ನಾನು ಪಕ್ಕದಲ್ಲೇ ನಿಂತಿದ್ದೆ. ಹಂದಿಗಳು ಕಂಡವು. ಅವನು ಹಾರಿಸಿದ. ಢಮ್ ಎನ್ನಬೇಕಾದದ್ದು ಫುಸ್ ಎಂದಿತು. ಹಂದಿಗಳು ತಲೆ ಸಹ ಎತ್ತಲಿಲ್ಲ.

“ಇದೇನೊ ದೋಸ್ತ, ಮುದುಕ ಕೆಮ್ಮಿದಂಗಾಯ್ತು!” ಎಂದು ನಕ್ಕು, ಅವನು ನನ್ನ ಮುಖ ನೋಡಿದ.

ಆ ಸದ್ದಿನ ಅರ್ಥ ನನಗೆ ಗೊತ್ತಿತ್ತು. ಜೋರು ಸಾಲದೆ ತೋಟಾದೊಳಗಿನದು ನಳಿಗೆಯಲ್ಲೇ ಸಿಕ್ಕಿಕೊಂಡಿರುತ್ತದೆ. ಬಂದೂಕು ಬಿಚ್ಚಿ ನೋಡಬೇಕು, ಇಲ್ಲದಿದ್ದರೆ ಮುಂದಿನ ಏಟಿಗೆ ನಳಿಗೆಯೇ ಒಡೆಯಬಹುದು. ‘ತಡಿ’ ಎನ್ನಬೇಕಾಗಿತ್ತು. ಹಾಗೆಂದರೆ ನಾನು ತುಂಬಿದ್ದು ಸರಿಯಿಲ್ಲ ಎಂದು ನಾನೇ ಒಪ್ಪಿಕೊಂಡಂತಾಗುತ್ತಿತ್ತು. ನಾನು ಅಂದದ್ದು ಬೇರೆ: “ಇನ್ನೊಂದು ಹಾಕು. ಲಗೂ ಹಾಕು.”

ಅವನು ಹಾಕಿದ. ನಳಿಗೆ ಅವನ ಕೈಯಲ್ಲೇ ಸೀಳಿತು.

ಆಸ್ಪತ್ರೆಗೆ ವಿಚಾರಣೆಯ ಸಾಹೇಬರೊಬ್ಬರು ಬಂದರು. ದೋಸ್ತ ಮಂಚದ ಮೇಲಿದ್ದ, ಕೈಗೆ ಬಿಳಿ ಪಟ್ಟಿ.

“ನಳಿಗಿ ನೆಲಕ್ಕ ಹತ್ತಿತ್ತೇನ್ರಿ? ಮಣ್ಣು ಹೊಕ್ಕಿದ್ರ ಹಿಂಗ ಆಗ್ತದ.”

“ಇಲ್ರಿ ಸಾಹೇಬ್ರ, ನಾ ಒರಸೀನಿ. ಕಣ್ಣಾರೆ ನೋಡೀನಿ,” ಎಂದ ದೋಸ್ತ.

ಸಾಹೇಬರು ನನ್ನ ಕಡೆ ತಿರುಗಿದರು. “ನೀವು ಅಲ್ಲೇ ಇದ್ರಲ್ಲ, ನಳಿಗ್ಯಾಗ ಮಣ್ಣು ಇತ್ತೇನು?”

“ಇರಬಹುದ್ರಿ. ಹೊಲ ಹಸಿ ಇತ್ತು,” ಎಂದೆ.

ದೋಸ್ತ ನನ್ನನ್ನು ಬಹಳ ಹೊತ್ತು ನೋಡಿದ. ನಾನು ಬಗ್ಗಿ ಅವನ ಚಾದರ ಸರಿಮಾಡಿದೆ.

ಅವನ ಲೈಸೆನ್ಸು ಹೋಯಿತು. ಊರಿನವರು ಅವನಿಗೆ ‘ಮಣ್ಣಿನ ನಳಿಗಿ’ ಎಂದು ಹೆಸರಿಟ್ಟರು. ಉಳಿದ ಮದ್ದನ್ನು ನಾನು ನೀರಿನಲ್ಲಿ ನೆನೆಸಿ ಹೂತೆ, ಮತ್ತೆ ತೋಟಾ ತುಂಬಲಿಲ್ಲ. ಕೈ ಒಣಗಿತು, ಅವನು ಮೂರು ಬೆರಳಿನಲ್ಲೇ ಬಿತ್ತಿದ, ಕೊಯ್ದ. ಆದರೆ ಇನ್ನೊಂದು ಶುರುವಾಗಿದ್ದನ್ನು ನಾನು ಬದುವಿನ ಈಚೆಯಿಂದ ನೋಡುತ್ತ ಬಂದೆ. ಹೊಲದ ನೀರಿನ ಮೋಟಾರು ಬಂದ್ ಮಾಡಿ ನಾಲ್ಕು ಹೆಜ್ಜೆ ಹೋಗುವನು, ತಿರುಗಿ ಬಂದು ಸ್ವಿಚ್ಚಿನ ಪೆಟ್ಟಿಗೆ ತೆರೆದು ನೋಡುವನು. ಬೇವಿನ ಗಿಡದವರೆಗೆ ಹೋಗಿ ಮತ್ತೆ ಬರುವನು. ಎತ್ತು ಕಟ್ಟಿದ ಹಗ್ಗಕ್ಕೂ ಹಾಗೆಯೇ, ಮನೆಯ ಬೀಗಕ್ಕೂ ಹಾಗೆಯೇ. ಅವನ ಹೆಂಡತಿ ಒಮ್ಮೆ ನಾಲ್ಕು ಜನರಿದ್ದಾಗ ನನ್ನ ಮುಂದೆಯೇ ಅಂದಳು: “ನಿಮ್ಮ ದೋಸ್ತಗ ತನ್ನ ಕಣ್ಣಿನ ಮ್ಯಾಲ ತನಗೇ ಭರೋಸಾ ಇಲ್ರಿ ಅಣ್ಣಾರ. ಉಂಡು ಎದ್ದು, ನಾ ಉಂಡೀನೇನ ಅಂತ ಕೇಳ್ತಾರ.” ಎಲ್ಲರೂ ನಕ್ಕರು, ಅವನೂ ನಕ್ಕ. ನಾನೂ ನಕ್ಕೆ.

ಈಚೆಗೆ ಚುನಾವಣೆ ಬಂತು. ಚುನಾವಣೆ ಬಂದಾಗ ಲೈಸೆನ್ಸಿನವರೆಲ್ಲ ಬಂದೂಕುಗಳನ್ನು ಠಾಣೆಗೆ ಒಪ್ಪಿಸಬೇಕು. ಈ ಸಲ ಕೊಟ್ಟು ಮತ್ತೆ ತರುವುದು ಬೇಡ ಎಂದುಕೊಂಡೆ. ಸೇಡಂಗೆ ಹೊರಟಾಗ ದೋಸ್ತನೂ ಜೊತೆಗೆ ಬಂದ. ಅಳತೆ ನನ್ನ ಜೇಬಿನಲ್ಲಿತ್ತು. ಏಕೆ ಇಟ್ಟುಕೊಂಡೆನೆಂದು ಆಗ ನನಗೇ ಸ್ಪಷ್ಟವಿರಲಿಲ್ಲ.

“ಯಾಕ್ರಿ ಅಜ್ಜಾರ, ಖಾಯಂ ಕೊಡ್ಲಿಕತ್ತೀರಿ? ಹಂದಿ ಎಲ್ಲಾ ಲಗ್ನ ಆಗಿ ಗಂಡನ ಮನಿಗಿ ಹೋದ್ವೇನು?” ಎಂದರು ಠಾಣೆಯ ಗುಮಾಸ್ತರು. ಕಾರಣದ ಜಾಗದಲ್ಲಿ ‘ವಯಸ್ಸಾಗಿದೆ’ ಎಂದು ಬರೆದೆ. ಅದೂ ಅರ್ಧ ಸುಳ್ಳು.

ಬಸ್ ನಿಲ್ದಾಣದ ಹೋಟೆಲಿನಲ್ಲಿ ಚಹಾ ಹೇಳಿದೆವು. ಬರುವ ಮೊದಲೇ ದೋಸ್ತ ಎದ್ದು ನಿಂತ.

“ನಡಿ, ಈ ಬಸ್ಸಿಗೇ ಹೋಗೂಣು. ಮೋಟಾರ ಬಂದ್ ಮಾಡೀನೊ ಇಲ್ಲೊ.”

“ಮಾಡಿದಿ. ನಾ ನೋಡೀನಿ.”

“ನನಗ ಮಾಡಿದಂಗೇ ಅನಸ್ತದ. ನನಗ ಅನಸೋದು ಏನ್ ಉಪಯೋಗ?”

ಅಳತೆ ತೆಗೆದು ಮೇಜಿನ ಮೇಲಿಟ್ಟೆ. ಅರ ತಿಕ್ಕಿದ್ದು, ಫುಸ್ ಎಂದಾಗ ನನಗೆ ತಿಳಿದದ್ದು, ಆಸ್ಪತ್ರೆಯಲ್ಲಿ ಅಂದದ್ದು, ಎಲ್ಲವನ್ನೂ ಹೇಳಿದೆ. ಅವನು ಕುಳಿತ. ಚಹಾ ಬಂತು, ಕೆನೆಗಟ್ಟಿತು.

“ಹಂಗಾದ್ರ ಅವತ್ತು ನಾ ನಳಿಗಿ ಒರಸಿದ್ದು ಖರೇ?”

“ಖರೇ. ಬಿಸಲಿಗಿ ಹಿಡದು ನೋಡಿದಿ. ನಾ ಬಾಜೂಕೇ ಇದ್ದೆ.”

“ಬೆರಳಿನ ಮಾತು ಬಿಡು,” ಎಂದ ಅವನು. “ಆ ನಳಿಗ್ಯಾಗ ನಾ ಬೆಳಕ ನೋಡಿದ್ದೆ. ರೂಪಾಯಿ ಹಂಗ ಗುಂಡನ್ನ ಬೆಳಕ. ನೀ ಮಣ್ಣು ಇರಬಹುದು ಅಂದಿ. ನೀ ಸುಳ್ಳ ಹೇಳವ ಅಲ್ಲ ಅಂತ, ನನ್ನ ಕಣ್ಣೇ ಸುಳ್ಳ ಅಂತ ತಿಳಕೊಂಡ್ನಲ್ಲೊ, ಮಗನಾ.”

ನಾನು ಅಳತೆಯನ್ನು ಅವನ ಕಡೆ ಸರಿಸಿದೆ.

“ನನಗೊಬ್ಬಗ ಹೇಳಿದ್ರ ಮುಗೀಲಿಲ್ಲ. ಸುಳ್ಳ ಹೇಳೂಮುಂದ ಮಂದಿ ಇದ್ರು. ಇದನ್ನೂ ಮಂದಿ ಮುಂದ ಹೇಳು.” ಅಳತೆಯನ್ನು ತನ್ನ ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತ.

ಮರುದಿನ ಕಟ್ಟೆಯ ಮೇಲೆ ನಿಂತು ಹೇಳಿದೆ. ಕೆಲವರು ಬೈದರು. ಕೆಲವರು ಹಳೆಯ ಮಾತು ಈಗೇಕೆ ಎಂದರು. ದೋಸ್ತ ಕಟ್ಟೆಯ ಆ ತುದಿಯಲ್ಲಿ ಕುಳಿತು ಕೊನೆಯವರೆಗೆ ಕೇಳಿ, ಎದ್ದು ಹೋದ. ಕಟ್ಟೆಯಲ್ಲಿ ಇಲ್ಲದಿದ್ದವರಿಗಾಗಿ ಇದನ್ನು ಬರೆದೂ ಇಡುತ್ತಿದ್ದೇನೆ.

ಅವನು ನನ್ನ ಜೊತೆ ಇನ್ನೂ ಮಾತಾಡುವುದಿಲ್ಲ. ಮಾತಾಡು ಎಂದು ಕೇಳುವ ಹಕ್ಕು ನನಗಿಲ್ಲ. ನಿನ್ನೆ ಮಧ್ಯಾಹ್ನ ಬದುವಿನ ಈಚೆ ಕಸ ತೆಗೆಯುತ್ತಿದ್ದೆ. ಅವನು ಮೋಟಾರು ಬಂದ್ ಮಾಡಿ, ಪೆಟ್ಟಿಗೆಯ ಬಾಗಿಲು ಹಾಕಿ, ಟವೆಲು ಹೆಗಲಿಗೆ ಎಸೆದುಕೊಂಡು ಊರ ಕಡೆ ನಡೆದ. ನಾಲ್ಕು ಹೆಜ್ಜೆಗೆ ನಿಲ್ಲಲಿಲ್ಲ. ಬೇವಿನ ಗಿಡದ ಹತ್ತಿರವಾದರೂ ತಿರುಗುತ್ತಾನೆಂದು ಕುಡುಗೋಲು ಹಿಡಿದುಕೊಂಡು ನೋಡುತ್ತಿದ್ದೆ. ಅವನು ಗಿಡ ದಾಟಿ ಹೋದ.