ತೇಜಸ್ವಿನಿಯ ಹಕಾರ

ಅಮೃತೂರಿನ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು ನಾನು, ಲಕ್ಷ್ಮೀನರಸಿಂಹಯ್ಯ. ಈಗ ಗುಬ್ಬಿಯಲ್ಲಿದ್ದೇನೆ. ಶಿಷ್ಯರ ಬಗ್ಗೆ ಯಾರಾದರೂ ಕೇಳಿದರೆ ಮೊದಲೆಲ್ಲ ಗಂಟೆಗಟ್ಟಲೆ ಕೊಚ್ಚಿಕೊಳ್ಳುತ್ತಿದ್ದೆ. ಈಗ ಒಬ್ಬಳ ಬಗ್ಗೆ ಹೇಳಬೇಕಾಗಿದೆ. ಕೊಚ್ಚಿಕೊಳ್ಳುವುದಕ್ಕೆ ಅದರಲ್ಲಿ ಏನೂ ಇಲ್ಲ.

ತೇಜಸ್ವಿನಿ ಅಮೃತೂರಿನ ಪಕ್ಕದ ಹಳ್ಳಿಯ ಚಿಕ್ಕಬೋರಯ್ಯನವರ ಮಗಳು. ಎಂಟನೇ ಕ್ಲಾಸಿಗೆ ಬಂದ ಮೊದಲ ವಾರ ಅವಳನ್ನು ಎಬ್ಬಿಸಿ ಓದಿಸಿದೆ. 'ಹಸುವಿನ ಹಾಲು' ಅನ್ನುವುದನ್ನು 'ಅಸುವಿನ ಆಲು' ಎಂದು ಓದಿದಳು. ಕ್ಲಾಸಿನಲ್ಲಿ ಮುಕ್ಕಾಲು ಮಕ್ಕಳು ಮನೆಯಲ್ಲಿ ಹಾಗೆಯೇ ಮಾತಾಡುವವರು. ಆದರೂ ಎಲ್ಲರೂ ಗೊಳ್ಳೆಂದು ನಕ್ಕರು. ಯಾಕೆಂದರೆ ಮೊದಲು ನಕ್ಕವನು ನಾನು.

"ಅಂಗೈ ಬಾಯಿ ಮುಂದೆ ಹಿಡಿ. ಹ ಅಂದರೆ ಉಸಿರು ಅಂಗೈಗೆ ತಾಗಬೇಕು," ಎಂದೆ. ತಾಗದಿದ್ದರೆ ಬೆಂಚಿನ ಮೇಲೆ ನಿಲ್ಲಬೇಕು. ಪಾಪ, ಹುಡುಗಿ ಭಯಕ್ಕೆ ಇಲ್ಲದ ಕಡೆಯೆಲ್ಲ ಹಕಾರ ಸೇರಿಸಿ 'ಹನ್ನ', 'ಹಮ್ಮ' ಎನ್ನತೊಡಗಿದಳು. ಅದಕ್ಕೂ ಬೆಂಚು ಹತ್ತಿಸಿದೆ. ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಅವಳ ಬಾಯಲ್ಲಿ ಒಂದು ಹಕಾರವೂ ಜಾರುತ್ತಿರಲಿಲ್ಲ. ಕುಣಿಗಲ್ಲಿನ ಭಾಷಣ ಸ್ಪರ್ಧೆಯಲ್ಲಿ ಮೊದಲ ಬಹುಮಾನ ತಂದಳು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಒಮ್ಮೆ ಅವಳ ತಾಯಿ ಲಕ್ಷ್ಮೀದೇವಮ್ಮ ಸ್ಕೂಲಿನ ಹತ್ತಿರ ಸಿಕ್ಕಿದರು. "ಏನ್ ಮಾಡ್ಬುಟ್ರಿ ಸಾ ನಮ್ ಮಗೀಗೆ? ಮನೇಲಿ ರೇಡಿಯೋದೋರ್ ಮಾತಾಡ್ದಂಗೆ ಮಾತಾಡ್ತಾಳೆ. ಅವ್ರಪ್ಪಂಗೆ ನಗು ತಡ್ಯಾಕಾಗಲ್ಲ," ಎಂದು ನಕ್ಕರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ. ಎಂಥ ಪೆದ್ದ!

ಆಮೇಲೆ ಡಿಗ್ರಿ ಮುಗಿಸಿ ಅವಳು ತುಮಕೂರಿನಲ್ಲಿ ಪಿಜಿ ಸೇರಿದಳು. ಅನ್ವಯಿಕ ಭಾಷಾವಿಜ್ಞಾನ. ಅದೇನು ಓದಮ್ಮ ಎಂದು ಕೇಳಿದ್ದಕ್ಕೆ, "ಜನ ಹೇಗೆ ಮಾತನಾಡುತ್ತಾರೆ ಎಂಬುದನ್ನು ತಿಳಿದು ಅದನ್ನು ಕೆಲಸಕ್ಕೆ ತರುವ ವಿದ್ಯೆ ಸಾರ್," ಎಂದಳು. ಫೋನಿನಲ್ಲಿ ಕೇಳಿದರೆ ಪುಸ್ತಕವೇ ಬಾಯಿ ಬಿಟ್ಟು ಓದುತ್ತಿದೆ ಅನ್ನಿಸಬೇಕು, ಹಾಗೆ.

ಕೊನೆಯ ವರ್ಷದಲ್ಲಿ ಒಂದು ಪ್ರಕಟಣೆ ಬಂತು. ನೆದರ್ಲೆಂಡ್ಸಿನ ಒಂದು ಪ್ರಯೋಗಾಲಯದಲ್ಲಿ ಆರು ತಿಂಗಳ ಇಂಟರ್ನ್‌ಶಿಪ್. ರೈತರು ಫೋನಿನಲ್ಲಿ ಮಾತಾಡಿದರೆ ಕಂಪ್ಯೂಟರಿಗೆ ಅರ್ಥವಾಗಬೇಕಂತೆ. ಅದಕ್ಕೆ ನಮ್ಮ ಸೀಮೆಯ ಹಳ್ಳಿ ಮಾತು ಬಲ್ಲ ಪಿಜಿ ವಿದ್ಯಾರ್ಥಿ ಬೇಕು. ಇರುವುದು ಒಂದೇ ಜಾಗ. ಅದು ಸಿಕ್ಕರೆ ಅಲ್ಲೇ ಪಿಎಚ್‌ಡಿಗೂ ದಾರಿ ಆಗುತ್ತಿತ್ತು. ಅವಳ ಕ್ಲಾಸಿನಿಂದ ಇಬ್ಬರು ಅರ್ಜಿ ಹಾಕಿದರು. ಒಬ್ಬಳು ಇವಳು, ಇನ್ನೊಬ್ಬ ಸದಾಶಿವನಗರದ ಅಶ್ವಥ್. ಅವನು ಹಳ್ಳಿ ಕಂಡಿದ್ದು ಯಡಿಯೂರಿಗೆ ಪೂಜೆಗೆ ಹೋಗುವಾಗ, ಅದೂ ಕಾರಿನ ಕಿಟಕಿಯಿಂದ. ಆದರೆ ಕಾಲೇಜ್ ಡೇಯಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ಹಳ್ಳಿಗರ ಹಾಗೆ ಮಾತಾಡಿ ಜನರನ್ನು ನಗಿಸುತ್ತಿದ್ದ. ಫೋನಿನಲ್ಲೂ ಅದೇ ರೀಲ್ಸ್.

ಹುಡುಗಿ ಹುಟ್ಟಿದ ಮನೆಯೇ ಅವಳ ಅರ್ಹತೆ ಆಗಿದ್ದ ಕೆಲಸ ಅದೊಂದೇ. ಅದು ನನ್ನ ತಲೆಗೆ ಹೋಗಲಿಲ್ಲ ನೋಡಿ.

ಸಂದರ್ಶನ ವಿಡಿಯೋದಲ್ಲಿತ್ತು. ಹಾಸ್ಟೆಲಿನಲ್ಲಿ ಗಲಾಟೆ ಎಂದು ನಾನೇ ಗುಬ್ಬಿಗೆ ಕರೆಸಿಕೊಂಡೆ. ಬೆಳಿಗ್ಗೆಯೇ ಬಂದಳು. ಲ್ಯಾಪ್‌ಟಾಪ್ ಬಿಚ್ಚಿಡುತ್ತಾ ಮೆಲ್ಲಗೆ ಕೇಳಿದಳು.

"ಸಾರ್, ಮನೆಯಲ್ಲಿ ಮಾತನಾಡುವ ಹಾಗೆಯೇ ಮಾತನಾಡಬೇಕು ಎಂದು ಬರೆದಿದ್ದಾರೆ. ಏನು ಮಾಡಲಿ?"

"ಹಾಗೆಲ್ಲ ಬರೀತಾರೆ ಕಣಮ್ಮ. ಪರದೇಶದವರ ಮುಂದೆ ಆಲು, ಅಸು ಅಂತ ಕೂತರೆ ಮರ್ಯಾದೆ ಇರುತ್ತಾ? ಸಂದರ್ಶನ ಅಂದ್ರೆ ಸಂದರ್ಶನ."

ಅವಳು ತಲೆ ಆಡಿಸಿದಳು. ನಾನು ಕುರ್ಚಿ ಎಳೆದುಕೊಂಡು ಲ್ಯಾಪ್‌ಟಾಪಿನ ಪಕ್ಕ, ಅವರಿಗೆ ಕಾಣದ ಹಾಗೆ, ಅವಳಿಗೆ ಎದುರಾಗಿ ಕೂತೆ.

ಇಂಗ್ಲಿಷಿನ ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರ ಕೊಟ್ಟಳು. ಆಮೇಲೆ ಆ ಕಡೆಯಿಂದ ಒಬ್ಬ ಕನ್ನಡದ ಹೆಂಗಸು ಮಾತಾಡಿದಳು. ದನಿ ಬಹಳ ಮೃದು. "ನಿಮ್ಮನೇಲಿ ಮುದ್ದೆ ಹೇಗೆ ಮಾಡ್ತಾರೆ? ಅಮ್ಮನ ಹತ್ರ ಮಾತಾಡೋ ಥರಾನೇ ಹೇಳಿ."

"ಮೊದಲು ಪಾತ್ರೆಯಲ್ಲಿ ನೀರನ್ನು ಕುದಿಸಬೇಕು. ಅನಂತರ ರಾಗಿ ಹಿಟ್ಟನ್ನು ಹಾಕಿ ಕೋಲಿನಿಂದ ಚೆನ್ನಾಗಿ ತಿರುವಬೇಕು," ಎಂದಳು ತೇಜಸ್ವಿನಿ. ಅಬ್ಬ, ಆ 'ಹಿಟ್ಟ'ನ್ನು ಎಷ್ಟು ಚೆಂದ ಅಂದಳು!

"ನಿಮ್ಮ ಕಡೆ ಮುದ್ದೆಗೇ ಬೇರೆ ಹೆಸರು ಹೇಳ್ತಾರಲ್ವಾ? ಅಮ್ಮ ಊಟಕ್ಕೆ ಕರೆಯೋವಾಗ ಏನಂತಾರೆ?"

ತೇಜಸ್ವಿನಿ ನನ್ನ ಮುಖ ನೋಡಿದಳು. ನಾನು ಏನು ಮಾಡಿದೆ ಗೊತ್ತೆ? ಅಂಗೈಯನ್ನು ಬಾಯಿ ಮುಂದೆ ಹಿಡಿದು ತೋರಿಸಿದೆ.

"ಹಿಟ್ಟು," ಎಂದಳು. "ಹಿಟ್ಟು ಊಟ ಮಾಡು ಎಂದು ಹೇಳುತ್ತಾರೆ."

"ಆರಾಮಾಗಿ ಇನ್ನೊಂದ್ಸಲ ಹೇಳ್ತೀರಾ?"

ಇನ್ನೊಂದು ಸಲವೂ ಹಾಗೆಯೇ ಹೇಳಿದಳು. ಮೂರನೇ ಸಲವೂ. ಆ ಹೆಂಗಸು ಥ್ಯಾಂಕ್ಸ್ ಹೇಳಿ ಮುಗಿಸಿದಳು. ನಾನು ಎದ್ದು ಶಿಷ್ಯೆಯ ಕೈ ಕುಲುಕಿದೆ. ಮನೆಯವಳಿಗೆ ಹೇಳಿ ಪಾಯಸ ಬೇರೆ ಮಾಡಿಸಿದ್ದೆ.

ಎರಡು ವಾರಕ್ಕೆ ಮೇಲ್ ಬಂತು. ಅರ್ಜಿದಾರರ ಓದು ಅತ್ಯುತ್ತಮವಾಗಿದೆ, ಆದರೆ ಅವರ ಮಾತಿನಲ್ಲಿ ಆ ಪ್ರದೇಶದ ಲಕ್ಷಣಗಳು ಕಾಣಲಿಲ್ಲ ಎಂದು ಬರೆದಿದ್ದರು. ಜಾಗ ಅಶ್ವಥ್‌ಗೆ ಹೋಯಿತು. ಅವನ ಮಾತು ಬಹಳ ಸಹಜವಾಗಿತ್ತಂತೆ. ಸಹಜ!

ಅದರ ಮುಂದಿನ ಭಾನುವಾರ ತೇಜಸ್ವಿನಿ ಗುಬ್ಬಿಗೆ ಬಂದಳು. ನಾನೇನೂ ಕರೆದಿರಲಿಲ್ಲ. ಕೂತುಕೋ ಅಂದರೂ ಕೂರದೆ ಹೊಸ್ತಿಲ ಹತ್ತಿರವೇ ನಿಂತಳು. ಸಮಾಧಾನ ಹೇಳೋಣ ಎಂದು ನಾನೇ ಬಾಯಿ ಬಿಟ್ಟೆ. ಬಿಡಬಾರದಿತ್ತು.

"ಹೋಗಲಿ ಬಿಡಮ್ಮ. ಶುದ್ಧ ಭಾಷೆಯ ಬೆಲೆ ಅವರಿಗೇನು ಗೊತ್ತು?"

"ಸುಮ್ಕಿರಿ ಸಾ!"

ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಓಡಿಬಂದಳು.

"ಏನ್ ಸುದ್ದ? ಇಟ್ಟು ಅನ್ನಾಕ್ ಬರಲ್ವಾ ನಂಗೆ? ಉಟ್ದಾಗ್ಲಿಂದ ಇಟ್ಟೇ ಉಂಡವ್ಳು ನಾನು. ಇಟ್ಟುಣ್ ಬಾರವ್ವ ಅಂತ ನಮ್ಮವ್ವ ದಿನಾ ಕೂಗ್ತಾಳೆ. ಅವ್ಳು ಕೂಗ್ದಾಗೆಲ್ಲ ನಾನು ಅವ್ಳ್ನ ತಿದ್ದಿವ್ನಿ. ಎತ್ತವ್ವನ್ನೇ ತಿದ್ದಿವ್ನಿ ಸಾ, ನಿಮ್ ಮಾತ್ ಕೇಳ್ಕಂಡು! ಈಗ ಆ ಅಶ್ವಥ ನಮ್ಮವ್ವನ್ ಮಾತ್ನ ಆಡ್ಕಂಡ್ ನಗ್ತಿದ್ದೋನು, ಅದೇ ಮಾತಾಡಿ ಇಮಾನ ಅತ್ತುತಾವ್ನೆ. ನಾನ್ ಎಲ್ಗ್ ಓಗ್ಲಿ? ಏಳಿ!"

ಹತ್ತು ವರ್ಷದಿಂದ ಅವಳ ಬಾಯಲ್ಲಿ ಕೇಳದಿದ್ದ ಮಾತು ಕಟ್ಟೆ ಒಡೆದ ಹಾಗೆ ಬಂತು. ಅವರು ಕೇಳಿದ್ದು ಇದನ್ನೇ. ಒಂದೇ ಒಂದು ನಿಮಿಷ ಹೀಗೆ ಮಾತಾಡಿದ್ದರೆ ಅಶ್ವಥನ ನಾಟಕ ಅಲ್ಲಿ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ನನಗೆ ಅಳು ಬಂತು. ಮುಚ್ಚಿಡುವುದೇನು, ಅವಳ ಎದುರೇ ಅತ್ತೆ.

"ಇದನ್ನೇ ಅವತ್ತು ಆಡಬಾರದಿತ್ತೇನಮ್ಮ?" ಎಂದೆ.

"ಅವತ್ತು ಎದ್ರಿಕೆ ಇತ್ತು ಸಾ."

"ಆಯಮ್ಮ ಅಷ್ಟು ಮೆತ್ತಗೆ ಕೇಳ್ತಿದ್ರಲ್ಲ. ಅವರಿಗೆ ಯಾಕೆ ಹೆದರಿದೆ?"

ತೇಜಸ್ವಿನಿ ಬರಿಗೈಯಲ್ಲೇ ಮುಖ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಅವ್ರಿಗಲ್ಲ ಸಾ. ನಿಮ್ಗೆ."