ಎಡಗಡೆಯ ಸಿಗ್ನಲ್ಲು

ನನ್ನ ಯಜಮಾನರು ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು. ಈಗ ಲೋಕೋ ಪೈಲಟ್ ಎನ್ನುತ್ತಾರೆ. ಅವರಿಗೆ ಆ ಹೆಸರು ಇನ್ನೂ ಒಗ್ಗಿಲ್ಲ. "ಪೈಲಟ್ ಅಂದ್ರೆ ಮೇಲೆ ಹಾರೋನು ಕಣೇ. ನಾವು ಹಳಿ ಬಿಟ್ಟು ಒಂದಿಂಚು ಆಚೆ ಹೋದ್ರೆ ಎನ್‌ಕ್ವೈರಿ" ಎಂಬುದು ಅವರ ವಾದ.

ರಿಟೈರ್ ಆದ ಮೇಲೆ ನಾವು ಅರಸೀಕೆರೆಯಲ್ಲೇ ಉಳಿದೆವು. ಗಾಡಿ ಬಂದದ್ದು ಹೋದದ್ದು ಮನೆಗೆ ಕೇಳಿಸುತ್ತದೆ. ಮೊದಮೊದಲು ಅವರು ಸಂಜೆ ಪ್ಲಾಟ್‌ಫಾರ್ಮಿಗೆ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಮಾತಿಗೆ ಸಿಗುತ್ತಿದ್ದ ಹಳಬರು ಒಬ್ಬೊಬ್ಬರಾಗಿ ಕಡಿಮೆಯಾದರು, ಇವರೂ ಹೋಗುವುದನ್ನು ಬಿಟ್ಟರು. ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ನನಗೆ ನಾನು ಓದಿದ ಕಾನ್ವೆಂಟಿನ ವಿಸಿಟರ್ಸ್ ರೂಮು ನೆನಪಾಗುತ್ತದೆ. ಅಲ್ಲಿ ಎಲ್ಲರೂ ಕೈ ಕಟ್ಟಿ ಕೂತು ಯಾರೋ ಬರಲಿ ಎಂದು ಕಾಯುತ್ತಿದ್ದರು, ಹಾಗೆ.

ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು ಪಿಂಚಣಿಯ ಲೈಫ್ ಸರ್ಟಿಫಿಕೇಟಿನ ದೆಸೆಯಿಂದ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಬೆರಳೊತ್ತಲು ಹೋಗಿದ್ದೆವು. ಅಂಗಡಿ ನಡೆಸುವವಳು ಹಳೇಬೀಡಿನ ಜೈನರ ಮನೆಯ ಹೆಣ್ಣುಮಗಳು, ಮದುವೆಯಾಗಿ ಈ ಊರಿಗೆ ಬಂದವಳು. ಅಲ್ಲಿ ಒಂದು ಸ್ಕ್ರೀನಿನ ಮೇಲೆ ರೈಲು ಓಡಿಸುವ ಆಟ ನಡೆಯುತ್ತಿತ್ತು. ನಮ್ಮ ದೇಶದ್ದೇ ಡೀಸೆಲ್ ಇಂಜಿನ್ನು, ನಮ್ಮವೇ ಕೆಂಪು, ಹಳದಿ, ಹಸಿರು ಸಿಗ್ನಲ್ಲುಗಳು. ಇವರು ಬೆರಳೊತ್ತುವುದನ್ನು ಮರೆತು ನಿಂತುಬಿಟ್ಟರು.

"ಬ್ರೇಕ್ ಹಿಂಗೆ ಹಾಕಿದ್ರೆ ಹಿಂದಿನ ಡಬ್ಬಿಯೋರು ಬೈತಾರೆ ಕಣಮ್ಮ" ಎಂದರು.

"ಹಂಗಾದ್ರೆ ನೀವೇ ಕೂತ್ಕೊಳ್ಳಿ ಅಂಕಲ್" ಎಂದು ಅವಳು ಕುರ್ಚಿ ಸರಿಸಿದಳು.

ರೆಡಿಮೇಡ್ ಬೇಡ, ಒಂದೊಂದೇ ಪಾರ್ಟು ತರಿಸಿ ಜೋಡಿಸೋಣ, ಮುಂದೆ ಯಾವುದು ಸಾಲದೋ ಅದನ್ನಷ್ಟೇ ಬದಲಾಯಿಸಬಹುದು ಎಂದು ಅವಳೇ ಸಲಹೆ ಕೊಟ್ಟಳು. ಈ ಮಾತು ಇವರಿಗೆ ಹಿಡಿಸಿತು. ಲೋಕೋ ಶೆಡ್ಡಿನಲ್ಲೂ ಹಾಗೆಯೇ ಅಲ್ಲವೇ.

ಇಂಗ್ಲಿಷ್ ಓದುವ ಕೆಲಸ ನನ್ನ ಪಾಲಿಗೆ ಬಂತು. ಯಾವ ಪ್ರೊಸೆಸರ್ ಯಾವ ಮದರ್‌ಬೋರ್ಡಿಗೆ ಕೂರುತ್ತದೆ, ಯಾವ ರ‍್ಯಾಮ್ ಕೂರುವುದಿಲ್ಲ, ಇದನ್ನೆಲ್ಲ ಮೊಬೈಲಿನಲ್ಲಿ ಓದಿ ಅರ್ಥ ಹೇಳುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕ್ರೋಷಾ, ಕೇಕು, ಗ್ರಾಮರ್ ಕಲಿಸಿದ್ದರು. ಈ ವಯಸ್ಸಿನಲ್ಲಿ ಅದು ಪವರ್ ಸಪ್ಲೈ ಆರಿಸುವುದಕ್ಕೆ ಬರುತ್ತದೆಂದು ಅವರೂ ಎಣಿಸಿರಲಿಕ್ಕಿಲ್ಲ. ಪಾರ್ಟುಗಳನ್ನು ಕೂರಿಸುವ ಕ್ಯಾಬಿನೆಟ್ ಆರಿಸುವಾಗ ಮಾತ್ರ ಇವರು ನನ್ನ ಮಾತು ಕೇಳಲಿಲ್ಲ. ನನಗೆ ಬಣ್ಣದ ದೀಪಗಳಿದ್ದದ್ದು ಇಷ್ಟವಾಗಿತ್ತು. "ಬೇಡ. ಇಂಜಿನ್ ಕ್ಯಾಬ್ ಒಳಗೆ ಬೆಳಕಿದ್ರೆ ಹೊರಗಿಂದು ಕಾಣಲ್ಲ" ಎಂದು ಕಪ್ಪು ಡಬ್ಬಿಯಂಥದನ್ನೇ ತರಿಸಿದರು.

ಆಮೇಲೆ ಒಂದಷ್ಟು ಕಾಲ ನಮ್ಮ ಮನೆಯಲ್ಲಿ ನಿಜಕ್ಕೂ ಸಂತೋಷವಿತ್ತು. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ತಿಂಡಿ ತಿಂದು, "ಡ್ಯೂಟಿಗೆ ಹೋಗ್ತೀನಿ ಕಣೇ" ಎಂದು ಪಕ್ಕದ ರೂಮಿಗೆ ಹೋಗುವರು. ನಾನು ಅಡಿಗೆಮನೆಯಿಂದ ಹಾರ್ನ್ ಕೇಳುತ್ತಿದ್ದೆ. ಗಾಡಿ ಲೇಟಾದರೆ ಊಟವೂ ಲೇಟು.

ಆಮೇಲೆ ಕಂಪ್ಲೇಂಟು ಶುರುವಾಯಿತು. "ಸಿಗ್ನಲ್ಲು ಲೇಟಾಗಿ ಬರ್ತಾ ಐತೆ. ಹತ್ತಿರ ಹೋಗೋವರ್ಗೂ ಇರಲ್ಲ, ತಟಕ್ಕನೆ ಎದುರಿಗೆ ನಿಂತಿರ್ತದೆ." ಕೆಂಪು ದಾಟಿದರೆ ಆ ಆಟ ಅಲ್ಲಿಗೇ ಮುಗಿಯುತ್ತದೆ. ಸರ್ವೀಸಿನುದ್ದಕ್ಕೂ ಒಂದು ಕೆಂಪನ್ನೂ ದಾಟದ ಮನುಷ್ಯ, ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಿದ್ದರು.

ಅಂಗಡಿಯ ಹುಡುಗಿಗೆ ಹೇಳಿದೆವು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಸಾಲದಿದ್ದರೆ ದೂರದ ವಸ್ತುಗಳು ತಡವಾಗಿಯೇ ಮೂಡುತ್ತವೆ, ಇದು ಎಲ್ಲರ ಮನೆಯಲ್ಲೂ ಆಗುವುದೇ ಎಂದಳು. ಅದು ಸುಳ್ಳಲ್ಲ, ನಾನೂ ಓದಿದ್ದೆ. ಮೊದಲು ರ‍್ಯಾಮ್ ಹೆಚ್ಚಿಸಿದೆವು. ಏನೂ ಆಗಲಿಲ್ಲ. ಸ್ಕ್ರೀನು ಚಿಕ್ಕದಾಯಿತು ಎಂದರು, ಅಗಲವಾದ ಮಾನಿಟರ್ ಬಂತು. ಅದು ಬಂದ ಮೇಲೆ ಕೆಂಪು ದಾಟುವುದು ಇನ್ನೂ ಜಾಸ್ತಿಯಾಯಿತು. ಅಷ್ಟಗಲದ ಚಿತ್ರವನ್ನು ಹಳೆಯ ಕಾರ್ಡು ಎಳೆಯಲಾರದು ಎಂದು ನಾವು ಮೂವರೂ ಒಪ್ಪಿಕೊಂಡೆವು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಆರಿಸಿದೆವು. ಅದಕ್ಕೆ ಇದ್ದ ಪವರ್ ಸಪ್ಲೈ ಸಾಲದೆ ಅದನ್ನೂ ಬದಲಾಯಿಸಬೇಕಾಯಿತು. ಕಾರ್ಡ್ ಬೆಂಗಳೂರಿನಿಂದ ಬರಲು ತಡವಾಯಿತು. ಅಷ್ಟು ದಿನ ಅವರು ಖಾಲಿ ಕುರ್ಚಿಯ ಸುತ್ತ ಓಡಾಡಿಕೊಂಡಿದ್ದರು.

ಅದೇ ದಿನಗಳಲ್ಲಿ ಮಾದಿಹಳ್ಳಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಇವರು ಬಡಿಸುವವನನ್ನು ಕರೆದು, "ಏನಪ್ಪಾ, ನಮಗೆ ಉಪ್ಪು ಉಪ್ಪಿನಕಾಯಿ ಇಲ್ವಾ?" ಎಂದರು. ಎಲೆಯ ಎಡತುದಿಯಲ್ಲಿ ಎರಡೂ ಇದ್ದವು. ಅವನು ನಕ್ಕು, "ಯಜಮಾನ್ರೇ, ಬೀಗರ ಕಡೆಯೋರನ್ನ ನೋಡ್ತಾ ಎಲೆ ಮರೆತ್ರಾ?" ಎಂದ. ಸುತ್ತ ಕೂತವರು ನಕ್ಕರು, ನಾನೂ ನಕ್ಕೆ.

ನಮ್ಮ ಮನೆಯಲ್ಲಿ ಕಣ್ಣಿನ ಮಾತು ಎತ್ತುವ ಹಾಗಿರಲಿಲ್ಲ. ಡ್ರೈವರನ ಮನೆಯಲ್ಲಿ ಬದುಕಿದವರಿಗೆ ಇದು ಗೊತ್ತು. ರೈಲ್ವೆಯವರು ಆಗಾಗ ಮೆಡಿಕಲ್‌ಗೆ ಕರೆಯುತ್ತಾರೆ. ಕಣ್ಣು ಸ್ವಲ್ಪ ಹಿಂದೆ ಬಿದ್ದರೂ ಇಂಜಿನ್ನಿನಿಂದ ಇಳಿಸಿ ಎಲ್ಲಾದರೂ ಕುರ್ಚಿ ಮೇಜು ಕೊಡುತ್ತಾರೆ. ಮೆಡಿಕಲ್ ಹತ್ತಿರ ಬಂತೆಂದರೆ ನಾನು ದಿನಾ ಹೊನಗೊನ್ನೆ ಸೊಪ್ಪು ಬೇಯಿಸಬೇಕು, ನೆತ್ತಿಗೆ ಹರಳೆಣ್ಣೆ ಒತ್ತಬೇಕು. ಮನೆಯಲ್ಲಿ ಟಿವಿ ಬಂದ್. "ಕಣ್ಣು ಮಂಜು" ಎಂಬ ಮಾತನ್ನು ತಮಾಷೆಗೂ ಯಾರೂ ಆಡಬಾರದು. ರಿಟೈರ್ ಆದ ಮೇಲೆ ಯಾರೂ ಇಳಿಸುವವರಿಲ್ಲ, ಆದರೂ ಆ ಭಯ ಅವರ ಮೈಯಲ್ಲೇ ಉಳಿದಿತ್ತು. ಕಾಣಿಸದಿದ್ದರೆ ಅದು ಸ್ಕ್ರೀನಿನ ದೋಷ, ಬಲ್ಬಿನ ದೋಷ, ಪೇಪರಿನವರು ಅಕ್ಷರ ಸಣ್ಣದು ಮಾಡಿದ ದೋಷ.

ಕಾರ್ಡು ಬಂದ ದಿನ ಆ ಹುಡುಗಿ ಮಧ್ಯಾಹ್ನವೇ ಬಂದಳು. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವವಳು, ಕೆಲಸವನ್ನು ಸಂಜೆಗೆ ಎಳೆಯುವುದಿಲ್ಲ. ಕಪ್ಪು ಡಬ್ಬಿಯ ಪಕ್ಕದ ಬಾಗಿಲು ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿ ಒತ್ತಿದಳು. ಆನ್ ಮಾಡಿದಾಗ ಚಿತ್ರ ಎಷ್ಟು ಸ್ವಚ್ಛವಾಗಿತ್ತೆಂದರೆ, ಜಲ್ಲಿಕಲ್ಲಿನ ನಡುವೆ ಬೆಳೆದ ಹುಲ್ಲು ಕೂಡ ಕಾಣುತ್ತಿತ್ತು. ನಾನು ಸಾಮಾನ್ಯವಾಗಿ ಆ ರೂಮಿನಲ್ಲಿ ಕೂರುತ್ತಿರಲಿಲ್ಲ, ಅವತ್ತು ಅವಳ ಜೊತೆ ಹಿಂದೆ ನಿಂತೆ.

ಗಾಡಿ ಹೊರಟಿತು. ತೀರ ದೂರದಲ್ಲಿ, ಸ್ಕ್ರೀನಿನ ಎಡಕ್ಕೆ, ಕೆಂಪು ದೀಪ. ನನಗೆ ಕಂಡಿತು. ಅವಳಿಗೂ ಕಂಡಿತ್ತು, ಏಕೆಂದರೆ ನನ್ನ ಕಡೆ ತಿರುಗಿ "ನೋಡಿ ಆಂಟಿ, ಎಷ್ಟು ಬೇಗ ಬಂತು" ಎಂದಳು. ಗಾಡಿ ನಿಧಾನವಾಗಲಿಲ್ಲ. ಕೆಂಪು ಹತ್ತಿರ ಬಂತು, ಎಡದ ಅಂಚಿಗೆ ಸರಿಯಿತು. ಇವರು ನೇರ ಮುಂದೆ ಹಳಿಯನ್ನೇ ನೋಡುತ್ತ ಆರಾಮವಾಗಿ ಕೂತಿದ್ದರು.

"ಅಂಕಲ್, ಸಿಗ್ನಲ್" ಎಂದಳು ಮೆಲ್ಲಗೆ.

"ಎಲ್ಲೈತೆ?" ಎಂದರು. ಅಷ್ಟರಲ್ಲಿ ದಾಟಿಯಾಗಿತ್ತು.

ಕುರ್ಚಿ ಹಿಂದಕ್ಕೆ ಸರಿಸಿ, "ಇನ್ನೂ ಲೇಟೇ ಕಣಮ್ಮ. ಈ ಕಾರ್ಡೂ ಸಾಲದು" ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಕಾಫಿ ಮಾಡುತ್ತೇನೆಂದು ಒಳಗೆ ಹೋದೆ. ಅವಳು ಹಿಂದೆಯೇ ಬಂದು, "ಆಂಟಿ, ಹಾಸನಕ್ಕೆ ಕರ್ಕೊಂಡು ಹೋಗಿ. ಈಗ್ಲೇ ಹೋಗಿ" ಎಂದಳು.

ಹಾಸನದಲ್ಲಿ ಕಣ್ಣಿನ ಡಾಕ್ಟರು ಒಂದು ಮೆಷೀನಿನ ಮುಂದೆ ಗದ್ದ ಇರಿಸಿ ಕೂರಿಸಿದರು. ಬೆಳಕಿನ ಚುಕ್ಕಿ ಎಲ್ಲಿ ಮೂಡಿದರೂ ಕೈಯಲ್ಲಿರುವ ಬಟನ್ ಒತ್ತಬೇಕು. ಇವರಿಗಿಂತ ಮೊದಲು ಕೂತ ಪೇಷೆಂಟು ಟಿಕ್ ಟಿಕ್ ಎಂದು ಒತ್ತಿದ್ದರು. ಇವರ ಕೈ ಹಾಗೇ ಕಾದುಕೊಂಡಿತ್ತು.

ಗ್ಲಾಕೋಮಾ ಎಂದರು. ಕಣ್ಣಿನ ಒಳಗೆ ಒತ್ತಡ ಹೆಚ್ಚಿ, ಅಂಚಿನಿಂದ ನೋಟ ಸವೆಯುತ್ತ ಬರುತ್ತದಂತೆ. ನೋವಿಲ್ಲ, ಸದ್ದಿಲ್ಲ. ಹೋದದ್ದು ತಿರುಗಿ ಬರುವುದಿಲ್ಲ, ನಡುವೆ ಉಳಿದಿರುವ ಬಿಲ್ಲೆಯಷ್ಟು ನೋಟವನ್ನು ಡ್ರಾಪ್ಸ್ ಹಾಕಿ ಕಾಪಾಡಿಕೊಳ್ಳಬೇಕು. ಇವರು ಎಲ್ಲವನ್ನೂ ಕೇಳಿ, ಕಡೆಗೆ ಒಂದೇ ಪ್ರಶ್ನೆ ಕೇಳಿದರು.

"ಸಾರ್, ಇದು ನಾನು ಸರ್ವೀಸ್‌ನಲ್ಲಿ ಇದ್ದಾಗ್ಲೇ ಶುರುವಾಗಿತ್ತಾ?"

"ಅದನ್ನ ಈಗ ಹೇಳೋಕಾಗಲ್ಲ ಯಜಮಾನ್ರೇ" ಎಂದರು ಡಾಕ್ಟರು.

ವಾಪಸು ಪ್ಯಾಸೆಂಜರ್ ಗಾಡಿಯಲ್ಲಿ ಬಂದೆವು. ಇಡೀ ದಾರಿ ಅವರು ಬೋಗಿಯಲ್ಲಿ ಕೂತ ಜನರನ್ನು ನೋಡುತ್ತಿದ್ದರು. ಮಗುವಿಗೆ ಬನ್ ತಿನ್ನಿಸುವವಳು, ಎಳನೀರಿನ ಚೀಲವನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ನಿದ್ದೆ ಮಾಡುವವನು. ಏನು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು. ಇಂಥವರನ್ನೇ ಹಿಂದೆ ಕೂರಿಸಿಕೊಂಡು ಅವರು ಅಷ್ಟು ವರ್ಷ ಗಾಡಿ ಓಡಿಸಿದ್ದರು.

ಕೆಲವು ದಿನ ಬಿಟ್ಟು ನಾನೇ ಒಂದು ದಾರಿ ಹುಡುಕಿದೆ. ಇಂಜಿನ್ನಿನಲ್ಲಿ ಇಬ್ಬರಿರುತ್ತಾರೆ. ಸಿಗ್ನಲ್ ಕಂಡ ಕೂಡಲೇ ಅಸಿಸ್ಟೆಂಟ್ ಅದರ ಬಣ್ಣ ಗಟ್ಟಿಯಾಗಿ ಹೇಳಬೇಕು, ಡ್ರೈವರ್ ತಾನೂ ನೋಡಿ ಅದನ್ನೇ ತಿರುಗಿ ಹೇಳಬೇಕು. ಅದು ಅವರ ನಿಯಮ. "ನಾನು ಅಸಿಸ್ಟೆಂಟ್ ಆಗ್ತೀನಿ, ಬನ್ನಿ" ಎಂದೆ.

"ಇಷ್ಟು ವರ್ಷ ಮನೇಲಿ ನೀನೇ ಡ್ರೈವರ್ರು. ಈಗ ಡಿಮೋಷನ್ನಾ?" ಎಂದು ನಕ್ಕು, ಬಂದು ಕೂತರು.

ನಾನು ಎಡಕ್ಕೆ ಸ್ಟೂಲ್ ಹಾಕಿಕೊಂಡೆ. "ಗ್ರೀನ್" ಎಂದೆ. "ಗ್ರೀನ್" ಎಂದರು. "ಡಬಲ್ ಯೆಲ್ಲೋ." "ಡಬಲ್ ಯೆಲ್ಲೋ." ದನಿ ಹಳೆಯ ಕಾಲದ್ದೇ, ಗಟ್ಟಿ. ನನಗೆ ಗೆದ್ದೆ ಎನ್ನಿಸಿತ್ತು. ಮುಂದಿನದು ಹಳದಿ. ಹೇಳಿದೆ. ಅವರು ತಿರುಗಿ ಹೇಳಲು ಬಾಯಿ ತೆರೆದು, ಸುಮ್ಮನಾದರು. ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆದು, ಯಾವ ಸ್ಟೇಷನ್ನೂ ಇಲ್ಲದ ಬಯಲಿನಲ್ಲಿ ಗಾಡಿ ನಿಲ್ಲಿಸಿದರು.

"ಯಾಕ್ರೀ?"

"ನೋಡ್ದೇ ಹೇಳ್ತಾ ಇದ್ದೀನಲ್ಲೇ."

"ನಾನು ನೋಡಿ ಹೇಳ್ತಿದ್ದೀನಲ್ಲ. ಆಟ ತಾನೇ ರೀ."

"ಇಬ್ರೂ ನೋಡ್ಬೇಕು ಅಂತ ಇರೋದು. ಒಬ್ರು ನೋಡಿ ಇನ್ನೊಬ್ರು ಹೂಂ ಅನ್ನೋದಲ್ಲ. ಕಾಣದೋನು ಈ ಸೀಟಲ್ಲಿ ಕೂರ್ಬಾರ್ದು ಕಣೇ." ಹಾಗೆಂದು ಎದ್ದರು. ಏಳುವಾಗ ಎಡಗೈ ನನ್ನ ಸ್ಟೂಲನ್ನು ತಡವಿ ಹಿಡಿಯಿತು.

ಅಂಗಡಿಯ ಹುಡುಗಿಗೆ ಅವರೇ ಫೋನ್ ಮಾಡಿಸಿದರು. ಕಾರ್ಡನ್ನು ಬಿಚ್ಚಿಕೊಂಡು ಹೋಗು, ಯಾರಿಗಾದರೂ ಹಾಕಿಕೊಡು ಎಂದರು. ಅವಳು ಸ್ಕ್ರೂಡ್ರೈವರ್ ಹಿಡಿದು ಬಂದಳು. ಕಾರ್ಡ್ ತೆಗೆದ ಮೇಲೆ, "ಹಳೇದನ್ನ ಹಾಕ್ಲಾ ಅಂಕಲ್?" ಎಂದಳು.

"ಏನೂ ಬೇಡಮ್ಮ. ಇವಳು ಪೇಪರ್ ಓದೋಕೆ ಅದೆಲ್ಲ ಯಾಕೆ?"

ಈಗ ಆ ಅಗಲದ ಮಾನಿಟರಿನಲ್ಲಿ ನಾನು ದಿನಾ ಪೇಪರ್ ಓದಿ ಹೇಳುತ್ತೇನೆ. ಅವರು ಸ್ಟೂಲಿನ ಮೇಲೆ, ನಾನು ಕುರ್ಚಿಯಲ್ಲಿ. ಪಕ್ಕದಲ್ಲಿ ಡ್ರಾಪ್ಸಿನ ಬಾಟಲಿ ಇರುತ್ತದೆ. ಮಳೆ, ಕೊಬ್ಬರಿ, ಎಲೆಕ್ಷನ್ ಏನು ಓದಿದರೂ ಕೇಳಿಸಿಕೊಳ್ಳುತ್ತಾರೆ. ಗಾಡಿ ಅಪಘಾತದ ಸುದ್ದಿ ಇದ್ದರೆ ನಾನು ಅದನ್ನು ದಾಟಿಸಿ ಮುಂದಿನದಕ್ಕೆ ಹೋಗುತ್ತೇನೆ. ನನ್ನ ಮುಖವನ್ನೇ ನೋಡುತ್ತ ಕೂತವರಿಗೆ, ಪಕ್ಕದಲ್ಲಿ ಸ್ಕ್ರೀನು ಮೇಲೆ ಸರಿದದ್ದು ಗೊತ್ತಾಗುವುದಿಲ್ಲ.